ಕೋಳಿಯಿಲ್ಲದ ಕಾವು

ಕೆಳಗೆ ಮೊಟ್ಟೆ ಅಂಗಡಿ, ಹಿಂದೆ ಕೋಳಿಗೂಡು, ಮೇಲೆ ತಗಡು ಹೊದಿಸಿದ ಒಂದೇ ಕೋಣೆ. ಅಂಗಡಿಯವನ ತಾಯಿ ಮಲಗುತ್ತಿದ್ದುದು ಅಲ್ಲಿಯೇ. ಇಲಿ ಹತ್ತುವುದಿಲ್ಲವೆಂದು ಅವನು ಮೊಟ್ಟೆಯ ಟ್ರೇಗಳನ್ನೂ ಅಲ್ಲಿಯೇ ಇಡುತ್ತಿದ್ದ. ಈ ಬೇಸಿಗೆಯಲ್ಲಿ ಆ ಕೋಣೆಯ ಗೋಡೆ ಹೊತ್ತು ಮುಳುಗಿದ ಮೇಲೂ ತಣಿಯುತ್ತಿರಲಿಲ್ಲ.

"ಯಾರೋ ಒಳಗಿಂದ ಕುಟ್ತಾ ಇದಾರೆ ಕಣೋ," ಎಂದಳು ತಾಯಿ. ಎರಡು ದಿನದಿಂದ ಅದೇ ಮಾತು.

"ಎಲ್ಲಮ್ಮ?"

"ಮಂಚದ ಕೆಳಗೆ."

ಅವನು ಕೆಳಗಿಳಿದು ಬಂದು ಹೆಂಡತಿಗೆ ಹೇಳಿದ, "ಅಮ್ಮನಿಗೆ ಅರಳುಮರಳು ಶುರುವಾಯ್ತು."

"ಅವರಿಗೆ ಅಷ್ಟಾದರೂ ಕೇಳಿಸುತ್ತೆ. ನಾನು ಬೆಳಗ್ಗಿಂದ ಕರೀತಿದೀನಿ, ನಿಮಗೆ ಕೇಳಿಸ್ತಾ?"

ಆ ಮಧ್ಯಾಹ್ನ ಹೆಂಡತಿಯ ಅಕ್ಕ ಬಂದಳು. ಆಕೆ ಆರೋಗ್ಯ ಕಾರ್ಯಕರ್ತೆ. ಮೂವರೂ ಮೇಲೆ ಹೋದರು. ತಾಯಿ ಗೋಡೆಗೆ ಒರಗಿ ಕುಳಿತಿದ್ದಳು. ಮುಖ ಕೆಂಪೇರಿತ್ತು, ಅಂಥ ಸೆಕೆಯಲ್ಲೂ ಮೈಮೇಲೆ ಒಂದು ಹನಿ ಬೆವರಿಲ್ಲ. ಸೊಸೆಯನ್ನು ನೋಡಿ, "ಯಾರಮ್ಮ ನೀನು?" ಎಂದಳು.

ಆಗ ಕೇಳಿಸಿತು. ಕುಟ್. ಕುಟ್.

ಅವನು ಬಗ್ಗಿ, ಮಂಚದ ಕೆಳಗೆ ಮೂರು ವಾರದಿಂದ ಮರೆತುಬಿಟ್ಟಿದ್ದ ಟ್ರೇ ಒಂದನ್ನು ಎಳೆದ. ಒಂದು ಮೊಟ್ಟೆ ಬಿರಿದಿತ್ತು. ಸೀಳಿನಿಂದ ಪುಟ್ಟ ಕೊಕ್ಕೊಂದು ಹೊರಗೆ ಬಂದು ಬಾಯಿ ತೆರೆಯಿತು. ಕಾವಿಗೆ ಕೂರಲು ಆ ಕೋಣೆಗೆ ಯಾವ ಕೋಳಿಯೂ ಬಂದಿರಲಿಲ್ಲ.

"ಅದು ಆಮೇಲೆ. ಮೊದಲು ಅಮ್ಮನ್ನ ಹಿಡ್ಕೊಳ್ಳಿ," ಎಂದಳು ಅಕ್ಕ. "ಬೆವರು ನಿಂತಿದೆ, ಗುರುತು ಸಿಗ್ತಿಲ್ಲ. ಬಿಸಿಲಾಘಾತ ಇದು."

ಕೆಳಗೆ ತಂದು ಒದ್ದೆ ಬಟ್ಟೆ ಸುತ್ತಿದರು, ಫ್ಯಾನ್ ಹಾಕಿದರು, ಆಂಬುಲೆನ್ಸ್ ಕರೆದರು.

ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಅವನು ಕೇಳಿದ, "ಬೇಸಿಗೆ ಅಂದ್ರೆ ಸೆಕೆ ಇರೋದೇ ಅಲ್ವಾ ಅತ್ತಿಗೆ? ನಮ್ಮಪ್ಪನ ಕಾಲದಲ್ಲೂ ಇತ್ತು."

"ಅಪ್ಪನ ಕಾಲದಲ್ಲಿ ಮಂಚದ ಕೆಳಗೆ ಮರಿ ಆಗ್ತಿತ್ತಾ?"

"ಇಲ್ಲ. ಕೋಳಿ ಇಲ್ದೆ ಅದು ಹೇಗಾಯ್ತು?"

"ಕೋಳಿ ಏನು ಮೊಟ್ಟೆಗೆ ಬೆಂಕಿ ಹಾಕುತ್ತಾ? ತನ್ನ ಮೈ ಶಾಖ ಹೊರಗೆ ಹೋಗದ ಹಾಗೆ ಮುಚ್ಕೊಂಡು ಕೂರುತ್ತೆ, ಅಷ್ಟೇ. ನಾವು ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ ಸುಡ್ತೀವಲ್ಲ, ಅದರ ಅನಿಲ ಮೇಲೆ ಹೋಗಿ ಭೂಮೀನ ಹಾಗೇ ಮುಚ್ಕೊಂಡಿದೆ. ಕಣ್ಣಿಗೆ ಕಾಣಲ್ಲ. ನೂರಾರು ವರ್ಷ ಜಾಗ ಬಿಡಲ್ಲ. ಅದನ್ನ ಹೀರೋ ಮರಾನೂ ನಾವೇ ಕಡೀತೀವಿ."

"ಅಂಗಡಿ ಬೋರ್ಡು ಕಾಣಲ್ಲ ಅಂತ ಮುಂದಿದ್ದ ಮರಾನ ನಾನೂ ಕಡಿಸಿದೆ."

"ಅದೊಂದರಿಂದ ಲೋಕ ಬಿಸಿ ಆಗಲಿಲ್ಲ. ನೆರಳು ಹೋಗಿ ನಿಮ್ಮ ತಗಡು ಬಿಸಿ ಆಯ್ತು."

"ನಾನೊಬ್ಬ ಸರಿಹೋದ್ರೆ ಏನಾಗುತ್ತೆ ಅತ್ತಿಗೆ?"

"ಒಬ್ಬರಿಂದ ಹೆಚ್ಚೇನೂ ಆಗಲ್ಲ. ಊರೂ ಬದಲಾಗಬೇಕು, ಕಾರ್ಖಾನೇನೂ ಬದಲಾಗಬೇಕು. ಅದನ್ನ ಕೇಳೋಕೆ ಬಾಯಿ ಬೇಕಲ್ಲ, ನಿಮಗೆ ಅದಕ್ಕೇನೂ ಕಮ್ಮಿ ಇಲ್ಲ."

ನಾಲ್ಕನೆಯ ದಿನ ತಾಯಿ ಮನೆಗೆ ಬಂದಳು. ಅವಳ ಮಂಚ ಈಗ ಅಂಗಡಿಯ ಹಿಂದಿನ ತಂಪು ಕೋಣೆಯಲ್ಲಿದೆ. ಬಿಸಿಲು ಹೀರದಿರಲೆಂದು ಮಗ ತಗಡಿಗೆ ಸುಣ್ಣ ಬಳಿದ, ಎರಡು ಬೀದಿಯಾಚೆ ಮೊಟ್ಟೆ ಕೊಡಲು ಸ್ಕೂಟರ್ ಬಿಟ್ಟು ಸೈಕಲ್ ಹತ್ತಿದ. ಊರ ಸಭೆಯಲ್ಲಿ ಮೊದಲ ಸಲ ಎದ್ದು ನಿಂತು, "ರಸ್ತೆಬದಿಯ ಮರಗಳನ್ನ ಕಡಿಯೋಕೆ ಒಪ್ಪಿದವರು ಯಾರು?" ಎಂದು ಕೇಳಿದ.

ಓದುತ್ತಿರುವವರೇ, ನಿಮ್ಮೂರಿನಲ್ಲೂ ಕೇಳಿ. ಸುಡುವುದನ್ನು ಕಡಿಮೆ ಮಾಡಿ, ನೆರಳನ್ನು ಉಳಿಸಿ. ಆದರೆ ಅದಕ್ಕೂ ಮೊದಲು, ಈಗ ಮಧ್ಯಾಹ್ನವಾಗಿದ್ದರೆ ಈ ಹಾಳೆಯನ್ನು ಕೆಳಗಿಡಿ. ನಿಮ್ಮ ಮನೆಯ ಹಿರಿಯರು ಮಲಗಿರುವ ಕೋಣೆಗೆ ಹೋಗಿ. ಹಣೆ ಮುಟ್ಟಿ. ಕರೆದು, "ನಾನು ಯಾರು?" ಎಂದು ಕೇಳಿ.