ಹತ್ತೊಂಬತ್ತನೇ ಪುಟದ ದೀಪ

ಶಂಖಪಾಲರ ಕತ್ತಲರಾಯನ ವಿಷಯದಲ್ಲಿ ಡೊಂಬಿವಲಿಯಿಂದ ಸಾನಪಾಡಾದವರೆಗೆ ನನ್ನ ಮಾತೇ ಕೊನೆಯ ಮಾತು. ಇದನ್ನು ಜಂಬ ಎನ್ನುವವರು ಎನ್ನಲಿ. "ಹಾಳೂರಿಗೆ ಉಳಿದವನೇ ಗೌಡ" ಎಂದು ನನ್ನ ಹೆಂಡತಿ ಸೌಜನ್ಯ ನಗುತ್ತಾಳೆ. ಅವಳಿಗೇನು ಗೊತ್ತು? ಐವತ್ತಾರು ವರ್ಷದ ಗಂಡಸು ಚಿತ್ರಕಥೆಯ ಪುಸ್ತಕಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕುವುದೇ ಅವಳ ಪಾಲಿಗೆ ಹುಚ್ಚು.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ನಾನು ಉಡುಪಿಯಲ್ಲಿ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಶಂಖಪಾಲ ಎಂಬ ಗುಪ್ತನಾಮದವರೊಬ್ಬರು 'ಕತ್ತಲರಾಯ' ಎಂಬ ಚಿತ್ರಕಥೆಯ ನಲವತ್ತು ಸಂಚಿಕೆಗಳನ್ನು ಬರೆದರು. ಕತ್ತಲರಾಯ ಹಗಲು ದೋಣಿ ನಡೆಸುವವನು, ಕತ್ತಲಾದ ಮೇಲೆ ಬಂದರಿನ ಕಳ್ಳರನ್ನು ಹಿಡಿಯುವವನು. ಮನೆಯಲ್ಲಿ ಅವನ ಕುರುಡಿ ತಾಯಿ. ಅವನ ಎದುರಾಳಿ ಹಿತ್ತಾಳೆಮೋರೆ, ಸದಾ ಹಿತ್ತಾಳೆಯ ಮುಖವಾಡ ತೊಟ್ಟಿರುವ ಕಳ್ಳರ ಒಡೆಯ. ಆ ಮುಖವಾಡದ ಹಿಂದೆ ಇರುವವರು ಯಾರು ಎಂದು ಹೇಳುವ ಮೊದಲೇ ಶಂಖಪಾಲರು ತೀರಿಕೊಂಡರು. ಅಂದಿನಿಂದ ನಾವು ಅದನ್ನೇ ಅಗಿಯುತ್ತ ಬಂದಿದ್ದೇವೆ.

ನಾವು ಎಂದರೆ ಕತ್ತಲರಾಯ ಬಳಗ. ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಡೊಂಬಿವಲಿ ಪೂರ್ವದಲ್ಲಿ ಒಂದು ವಾಚನಾಲಯದ ಮಾಳಿಗೆಯಲ್ಲಿ ಹತ್ತು ಹನ್ನೆರಡು ಮಂದಿ ಸೇರುತ್ತೇವೆ. ಸಾನಪಾಡಾದಲ್ಲಿ ಹೋಟೆಲಿಟ್ಟಿರುವ ವಾಸು ಬನ್ಸ್ ತರುತ್ತಾನೆ. ಬ್ಯಾಂಕಿನಿಂದ ನಿವೃತ್ತರಾದ ಜಯಲತಾ ಹಾಜರಿ ಬರೆಯುತ್ತಾರೆ. ವಾಸುವಿನ ಪ್ರಕಾರ ಹಿತ್ತಾಳೆಮೋರೆ ಎಂದರೆ ದೀಪಸ್ತಂಭದ ಕಾವಲುಗಾರ, ಜಯಲತಾ ಪ್ರಕಾರ ಸುಂಕದ ಅಧಿಕಾರಿ. ಇಬ್ಬರದ್ದೂ ತಪ್ಪು ಎಂದು ಪ್ರತಿ ತಿಂಗಳೂ ತೋರಿಸಿಕೊಡುವುದು ನನ್ನ ಕೆಲಸ. ಜಗಳ ಬಿಸಿಯಾದಾಗ ಯಾರಾದರೂ "ಪುಟ ಮುಟ್ಟಿ ಹೇಳಿ!" ಎಂದು ಕೂಗುತ್ತಾರೆ. ಕತ್ತಲರಾಯ ಕಳ್ಳರ ಕೈಯನ್ನು ತನ್ನ ದೋಣಿಯ ಹಲಗೆಯ ಮೇಲಿಡಿಸಿ ನಿಜ ಹೇಳಿಸುತ್ತಾನೆ, ಅಲ್ಲಿಂದ ಬಂದ ರೂಢಿ ಇದು. ಸಂಚಿಕೆಯ ಮೇಲೆ ಬಲಗೈ ಇಟ್ಟು ಹೇಳಿದ್ದನ್ನು ನಮ್ಮಲ್ಲಿ ಯಾರೂ ಮತ್ತೆ ಪ್ರಶ್ನಿಸುವಂತಿಲ್ಲ. ತಮಾಷೆಗೆ ಶುರುವಾದದ್ದು ಈಗ ಕಾನೂನೇ ಆಗಿದೆ.

ನನ್ನ ಕಪಾಟಿನಲ್ಲಿ ಮೂವತ್ತೊಂಬತ್ತು ಸಂಚಿಕೆಗಳಿದ್ದವು. ಮೂವತ್ತೊಂದನೆಯದು ಇರಲಿಲ್ಲ. ನನ್ನಲ್ಲಿ ಮಾತ್ರವಲ್ಲ, ನಾವು ಬಲ್ಲ ಯಾರಲ್ಲೂ ಇರಲಿಲ್ಲ. ಬಾಯಲ್ಲಿ ಒಂದು ಹಲ್ಲು ಬಿದ್ದರೆ ನಾಲಗೆ ದಿನವಿಡೀ ಅಲ್ಲಿಗೇ ಹೋಗುತ್ತದಲ್ಲ, ಹಾಗೆ ನನ್ನ ಮನಸ್ಸು ಆ ಖಾಲಿ ಜಾಗಕ್ಕೇ ಹೋಗುತ್ತಿತ್ತು.

ಕೊನೆಗೆ ಅದು ಸಿಕ್ಕಿದ್ದು ರೇವಣಸಿದ್ದನ ಹತ್ತಿರ. ಕಲಬುರಗಿ ಕಡೆಯವನು, ನಲವತ್ತರ ಆಸುಪಾಸು, ರಬಾಳೆಯ ಒಂದು ಗೋದಾಮಿನಲ್ಲಿ ಲೋಡಿಂಗ್ ಕೆಲಸ. ವಾಸುವಿನ ಹೋಟೆಲಿಗೆ ಅಕ್ಕಿ ಮೂಟೆ ಇಳಿಸಲು ಬಂದವನು ವಾಸುವಿನ ಮೊಬೈಲಿನ ಮೇಲೆ ಕತ್ತಲರಾಯನ ಚಿತ್ರ ನೋಡಿ, "ಇವನ ಪುಸ್ತಕ ನಮ್ಮ ಮನ್ಯಾಗೂ ಒಂದ ಅದರಿ" ಎಂದನಂತೆ. ಮುಖಪುಟದಲ್ಲಿ ಏನಿದೆ ಎಂದು ವಾಸು ಕೇಳಿದ. ಮಗುಚಿದ ದೋಣಿ, ಅದರ ಮೇಲೆ ಹಿತ್ತಾಳೆಮೋರೆ ಎಂದ. ಮೂವತ್ತನೆಯ ಸಂಚಿಕೆಯ ಹಿಂಬದಿಯಲ್ಲಿ, ಮುಂದಿನ ಸಂಚಿಕೆಯ ಜಾಹೀರಾತಿನಲ್ಲಿ ನಾವು ನೋಡಿದ್ದ ಅದೇ ಚಿತ್ರ! ಮಂಗನ ಕೈಯಲ್ಲಿ ಮಾಣಿಕ್ಯ ಎನ್ನುವುದು ಇದಕ್ಕೇ.

ಮರುದಿನವೇ ಆಫೀಸಿಗೆ ರಜೆ ಹಾಕಿ ಮುಂಬ್ರಾಕ್ಕೆ ಹೋದೆ. ಗುಡ್ಡದ ಬುಡದ ಚಾಳಿನಲ್ಲಿ ಒಂದು ಖೋಲಿ, ಆ ಒಂದು ಕೋಣೆಯೇ ಮನೆ. ಅವನ ಹೆಂಡತಿ ದಾನಮ್ಮ ಚಹಾ ಕೊಟ್ಟಳು. ರೇವಣಸಿದ್ದ ಟ್ರಂಕಿನಿಂದ ಹಳೆಯ ಟವೆಲಿನ ಗಂಟೊಂದನ್ನು ತೆಗೆದು ಬಿಚ್ಚಿದ. ಪುಸ್ತಕ ಮಾಸಿತ್ತು, ಮೂಲೆಗಳು ಮಡಚಿದ್ದವು, ಆದರೆ ಒಂದು ಪುಟವೂ ಹೋಗಿರಲಿಲ್ಲ. ಮುಟ್ಟುವ ಮೊದಲು ಎರಡೂ ಕೈಯನ್ನು ಅಂಗಿಗೆ ಒರೆಸಿಕೊಂಡೆ. ಯಾವ ದೇವರ ಮುಂದೆಯೂ ನಾನು ಹಾಗೆ ಮಾಡಿದವನಲ್ಲ.

"ನಮ್ ತಮ್ಮಂದರಿ," ಎಂದ. "ದಿಲೀಪ ಅಂತ. ಕಲ್ಯಾಣದಾಗ ರದ್ದಿ ಅಂಗಡ್ಯಾಗಿಂದ ತಂದಿದ್ದ. ನಂಗ ಓದ್ಲಾಕ ಬರಲ್ರಿ. ಅವನೇ ದಿನಾ ಓದಿ ಹೇಳ್ತಿದ್ದ. ಓದಿಕೋತ ಪೆನ್ಸಿಲ್ಲಿಂದ ಬರೀತಿದ್ದ. ನೋಡ್ರಿ, ಬಾಜೂಕ ಬರ್ದಾನ."

ಪುಟಗಳ ಅಂಚಿನಲ್ಲಿ ಪೆನ್ಸಿಲ್ಲಿನ ಗೆರೆಗಳಿದ್ದವು. ಐದು ವರ್ಷದ ಹಿಂದೆ ದಿಲೀಪ ಮುಂಬ್ರಾದ ತಿರುವಿನಲ್ಲಿ ಗರ್ದಿಯ ಲೋಕಲ್ ರೈಲಿನಿಂದ ಬಿದ್ದು ಸತ್ತಿದ್ದ. ಆಗ ಅವನಿಗೆ ಇಪ್ಪತ್ತೆರಡು ವರ್ಷ, ಅಣ್ಣನ ಜೊತೆ ಗೋದಾಮಿನಲ್ಲಿ ಪೆಟ್ಟಿಗೆ ಹೊರುತ್ತಿದ್ದ.

"ಅವನ ಕೈಯಾಂದು ಬ್ಯಾರೆ ಏನೂ ಉಳ್ದಿಲ್ರಿ. ಮೊಬೈಲ್ ಸುದ್ದಾ ಪಟರಿ ಮ್ಯಾಲೇ ಚೂರ ಆತು. ಈ ಅಕ್ಷರ ಅಷ್ಟೇ. ಇದು ಮಾರಂಗಿಲ್ರಿ ಸಾಹೇಬ್ರ. ಓದಿ ವಾಪಸ್ ಕೊಡ್ರಿ. ಜ್ವಾಕಿ."

"ನನ್ನ ಜೀವಕ್ಕಿಂತ ಹೆಚ್ಚು ನೋಡಿಕೊಳ್ತೇನೆ ಮಾರಾಯ," ಎಂದೆ. ಪುಸ್ತಕದ ಮಟ್ಟಿಗೆ ಆ ಮಾತು ಸುಳ್ಳಲ್ಲ.

ಹಳೆಯ ಸಂಚಿಕೆ ಕೈಗೆ ಬಂದರೆ ನಾವು ಮೊದಲು ಅದರ ಕೊಳೆ ತೆಗೆಯುತ್ತೇವೆ. ಪಾವ್ ಬ್ರೆಡ್ಡಿನ ಒಳಗಿನ ಮೆದು ಭಾಗವನ್ನು ಉಂಡೆ ಮಾಡಿ ಪುಟದ ಮೇಲೆ ಮೆಲ್ಲಗೆ ಉರುಳಿಸಿದರೆ ಧೂಳು ಅದಕ್ಕೆ ಅಂಟಿ ಬರುತ್ತದೆ. ಪೆನ್ಸಿಲ್ಲಿನ ಗೀಚಿಗೆ ರಬ್ಬರು. ಎಲ್ಲ ಚೊಕ್ಕವಾದ ಮೇಲೆ ಸ್ಕ್ಯಾನ್. ಗೀಚಿದ ಪುಸ್ತಕ ನಮ್ಮ ಕಣ್ಣಿಗೆ ಗಾಯಗೊಂಡ ಪುಸ್ತಕ, ಯಾರು ಗೀಚಿದರು ಎಂದು ಕೇಳುವ ಪದ್ಧತಿಯಿಲ್ಲ. ಶನಿವಾರ ಮಧ್ಯಾಹ್ನ ಊಟ ಮುಗಿಸಿ ಕೂತೆ. ಮೊದಲ ಪುಟಗಳಲ್ಲಿ ಇದ್ದದ್ದು ಓದಲು ಯೋಗ್ಯವಾದ ಬರಹವೂ ಅಲ್ಲ: 'ಶಬ್ಬಾಸ್', 'ಹೊಡಿ ಮಗನಿಗಿ', 'ಅಣ್ಣ ಇಲ್ಲಿ ನಕ್ಕ'. ಎಲ್ಲವನ್ನೂ ಉಜ್ಜಿದೆ. ರೇವಣಸಿದ್ದ ಹೇಳಿದ್ದು ನೆನಪಿರಲಿಲ್ಲವೇ ಎಂದು ಕೇಳಿದರೆ, ಇತ್ತು. ಓದಲು ಬಾರದವನಿಗೆ ಅಕ್ಷರ ಇದ್ದರೇನು, ಇಲ್ಲದಿದ್ದರೇನು ಎಂದುಕೊಂಡು ಉಜ್ಜಿದೆ.

ಹತ್ತೊಂಬತ್ತನೇ ಪುಟಕ್ಕೆ ಬಂದೆ. ಕತ್ತಲರಾಯ ಸಮುದ್ರದ ಮೇಲಿದ್ದಾನೆ. ಇತ್ತ ಮನೆಯಲ್ಲಿ ಕುರುಡಿ ತಾಯಿ ಒಬ್ಬಳೇ ಕೂತಿದ್ದಾಳೆ. ಪಕ್ಕದಲ್ಲಿ ದೀಪ ಉರಿಯುತ್ತಿದೆ. ಚಿತ್ರದ ಕೆಳಗೆ ದಿಲೀಪ ಒತ್ತಿ ಒತ್ತಿ ಬರೆದಿದ್ದ: 'ಮನ್ಯಾಗ ಅವ್ವ ಒಬ್ಬಾಕೀನೇ. ಅಕೀಗಿ ಕಣ್ಣಿಲ್ಲ. ದೀಪ ಯಾರಿಗಿ?'

ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಕುರುಡಿ ಒಬ್ಬಳೇ ಇರುವಾಗ ದೀಪ ಯಾಕೆ ಹಚ್ಚುತ್ತಾಳೆ? ಅವಳಿಗೆ ಕಣ್ಣು ಕಾಣುತ್ತದೆ, ಅದಕ್ಕೆ! ಕುರುಡು ಬರೀ ವೇಷ. ಹಿತ್ತಾಳೆಮೋರೆ ಬೇರೆ ಯಾರೂ ಅಲ್ಲ, ಕತ್ತಲರಾಯನ ತಾಯಿ. ನಲವತ್ತೂ ಸಂಚಿಕೆಗಳು ಒಂದೇ ಏಟಿಗೆ ಕೂಡಿಕೊಂಡವು. ನಾನು ಜೀವಮಾನವೆಲ್ಲ ಹುಡುಕಿದ್ದನ್ನು ಪೆಟ್ಟಿಗೆ ಹೊರುತ್ತಿದ್ದ ಒಬ್ಬ ಹುಡುಗ ಅಣ್ಣನಿಗೆ ಓದಿ ಹೇಳುತ್ತ ಕಂಡುಬಿಟ್ಟಿದ್ದ. ನನಗೆ ಸಂತೋಷವಾಗಬೇಕಿತ್ತು. ಆದದ್ದು ಹೊಟ್ಟೆಯುರಿ. ಸತ್ತವನ ಮೇಲೆ ಹೊಟ್ಟೆಕಿಚ್ಚುಪಟ್ಟವನು ನಾನೊಬ್ಬನೇ ಇರಬೇಕು.

ಒತ್ತಿ ಬರೆದಿದ್ದರಿಂದ ಅಳಿಸಲು ಕಷ್ಟವಾಯಿತು. ಕೆಳಗಿನ ಅಂಗಡಿಯಿಂದ ಹೊಸ ರಬ್ಬರು ತಂದು ಉಜ್ಜಿದೆ. ಅಕ್ಷರಗಳು ಹೋದವು. ಕಾಗದದಲ್ಲಿ ಒತ್ತಿದ ಗುರುತು ಮಾತ್ರ ಉಳಿಯಿತು, ಬೆಳಕಿಗೆ ಓರೆಯಾಗಿ ಹಿಡಿದರೆ ಕಾಣುವಷ್ಟು. ಯಾರು ಓರೆಯಾಗಿ ಹಿಡಿಯುತ್ತಾರೆ ಎಂದು ಪುಸ್ತಕ ಮುಚ್ಚಿದೆ.

ಮರುದಿನ ಬಳಗದ ಸಭೆ. ಮೂವತ್ತೊಂದು ಬಂದಿದೆ ಎಂಬ ಸುದ್ದಿಗೆ ಮಾಳಿಗೆ ತುಂಬಿತ್ತು. ಪುಸ್ತಕ ಒಯ್ಯಲು ರೇವಣಸಿದ್ದನೂ ಬಂದಿದ್ದ. ಇಸ್ತ್ರಿ ಮಾಡಿದ ಅಂಗಿ ಹಾಕಿ, ಅದೇ ಟವೆಲನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಬೆಂಚಿನ ತುದಿಯಲ್ಲಿ ಕೂತಿದ್ದ.

"ನೀವು ಎಷ್ಟು ಸಂಚಿಕೆ ಓದಿದ್ದೀರಿ?" ಎಂದು ಜಯಲತಾ ಕೇಳಿದರು.

"ಒಂದೂ ಓದಿಲ್ರಿ ಅಕ್ಕೋರ. ಕೇಳೀನಿ."

ಎಲ್ಲರೂ ನಕ್ಕರು. ವಾಸು ಬನ್ಸಿನ ತಟ್ಟೆ ಮುಂದೆ ಹಿಡಿದು, "ತಗೊಳ್ಳಿ ಮಾರಾಯ್ರೆ, ಇದನ್ನು ಓದುದು ಬೇಡ, ತಿಂದ್ರೆ ಸಾಕು" ಎಂದು ಇನ್ನಷ್ಟು ನಗಿಸಿದ. ರೇವಣಸಿದ್ದನೂ ನಕ್ಕ, ಆದರೆ ಬನ್ಸ್ ತೆಗೆದುಕೊಳ್ಳಲಿಲ್ಲ.

ನಾನು ಎದ್ದು ನಿಂತು ಲ್ಯಾಪ್‌ಟಾಪಿನಲ್ಲಿ ಹತ್ತೊಂಬತ್ತನೇ ಪುಟ ತೆರೆದೆ. ಅವನಿದ್ದಾನೆ ಎಂಬ ಅಳುಕು ಇರಲಿಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಕೋಣಕ್ಕೇನು ತಿಳಿಯುತ್ತದೆ? "ಮನೆಯಲ್ಲಿ ತಾಯಿ ಒಬ್ಬಳೇ ಇದ್ದಾಳೆ. ಅವಳಿಗೆ ಕಣ್ಣಿಲ್ಲ," ಎಂದೆ. ಸ್ವಲ್ಪ ತಡೆದು, "ದೀಪ ಯಾರಿಗೆ?" ಎಂದೆ.

ವಾಸು ಮೇಜು ಬಡಿದ. "ಅಯ್ಯೋ ದೇವ್ರೇ, ತಾಯಿಯಾ! ಜಯಶೀಲಣ್ಣ, ಕಾಲು ಕೊಡಿ ಮಾರಾಯ್ರೆ, ಮುಟ್ಟಿ ನಮಸ್ಕಾರ ಮಾಡ್ತೇನೆ." ಚಪ್ಪಾಳೆ ಬಿತ್ತು. ಜಯಲತಾ ಕಣ್ಣೊರೆಸಿಕೊಂಡರು. ಆ ಅರ್ಧ ನಿಮಿಷ ನನ್ನ ಬದುಕಿನ ಅತ್ಯಂತ ಸುಖದ ಅರ್ಧ ನಿಮಿಷ. ಈಗಲೂ ಅದನ್ನು ಅಲ್ಲಗಳೆಯಲಾರೆ.

ರೇವಣಸಿದ್ದ ಎದ್ದು ನಿಂತಿದ್ದ.

"ಸಾಹೇಬ್ರ, ಅದು ನಮ್ ದಿಲೀಪನ ಮಾತರಿ," ಎಂದ. "ಇದೇ ಚಿತ್ರದ ತೆಳಗ ಬರ್ದು ನಂಗ ಓದಿ ಹೇಳಿದ್ದ. ದೀಪ ಯಾರಿಗಿ ಅಣ್ಣಾ, ದೀಪ ಯಾರಿಗಿ ಅಂತ ಎರಡ ಸಲ ಕೇಳ್ದ. ನಂಗ ತಿಳೀಲಿಲ್ಲ. ಹುಚ್ಚ ಇದ್ದಿ ನೋಡು ಅಂತ ಬೈದಿದ್ದ."

ಪ್ಲಾಸ್ಟಿಕ್ ಕವರಿನಿಂದ ಪುಸ್ತಕ ತೆಗೆದು ಅವನ ಕೈಗೆ ಕೊಟ್ಟೆ. "ಎಲ್ಲಿ, ತೋರಿಸು."

ಪುಟದ ಸಂಖ್ಯೆ ಅವನಿಗೆ ಬೇಕಾಗಲಿಲ್ಲ. ಚಿತ್ರ ನೋಡಿಯೇ ಜಾಗ ಹಿಡಿದ. ದೀಪದ ಕೆಳಗೆ ಬೆರಳಿಟ್ಟ. ಅಲ್ಲಿ ಖಾಲಿ ಕಾಗದ. ಹಿಂದಕ್ಕೆ ತಿರುಗಿಸಿದ, ಮುಂದಕ್ಕೆ ತಿರುಗಿಸಿದ, ಮೊದಲ ಪುಟದಿಂದ ಮತ್ತೆ ಶುರು ಮಾಡಿದ. "ಇಲ್ಲೂ ಇತ್ತಲ್ರಿ... ಇಲ್ಲಿ... ಇಲ್ಲಿನೂ ಇತ್ತು," ಎನ್ನುತ್ತ ಹೋದ. ಅವನ ದನಿ ಇಳಿಯುತ್ತ ಬಂತು.

"ಕ್ಲೀನ್ ಮಾಡುದು ನಮ್ಮ ಕ್ರಮ ಅಲ್ವಾ," ಎಂದ ವಾಸು. "ಹಾಗೇ ಇಟ್ರೆ ಪುಸ್ತಕಕ್ಕೆ ಬೆಲೆ ಉಂಟಾ?"

"ಅಲ್ಲಲ್ಲಿ ಗೀಚು ಇತ್ತು, ಉಜ್ಜಿದ್ದೇನೆ," ಎಂದೆ ನಾನು. "ಬರೀ ಗೀಚು. ಅದರಲ್ಲಿ ಅಕ್ಷರ ಎಂಬುದೇ ಇರಲಿಲ್ಲ."

"ಪಢನಾ ಆತಾ ನಹೀ, ಔರ್ ಥಿಯರಿ ಇನ್‌ಕಾ!" ಎಂದು, ಓದಲು ಬಾರದವನಿಗೆ ವಾದ ಬೇರೆ ಎಂಬಂತೆ, ಬಳಗದ ಹೊಸ ಸದಸ್ಯ ಕೀರ್ತನ್ ಹಿಂದಿನಿಂದ ನಕ್ಕ. ನಗು ಸಾಲಿನಿಂದ ಸಾಲಿಗೆ ಹಬ್ಬಿತು.

ಜಯಲತಾ ಪುಸ್ತಕ ತೆಗೆದುಕೊಂಡು ಕಿಟಕಿಯ ಹತ್ತಿರ ಹೋದರು. ಪುಟವನ್ನು ಓರೆಯಾಗಿ ಹಿಡಿದರು. ಅವರ ಕೈ ಹಾಗೇ ನಿಂತಿತು. ಆಮೇಲೆ ನನ್ನ ಮುಖ ನೋಡಿದರು. ನಮ್ಮದು ಹದಿನೈದು ವರ್ಷದ ಪರಿಚಯ, ಅವರ ಮಗನ ಮದುವೆಯಲ್ಲಿ ಬಡಿಸಲು ನಿಂತವನು ನಾನು. "ನನ್ನ ಕನ್ನಡಕ ಬದಲಿಸ್ಬೇಕು, ಏನೂ ಸರಿ ಕಾಣುದಿಲ್ಲ," ಎಂದು ಪುಸ್ತಕವನ್ನು ಮೇಜಿನ ಮೇಲಿಟ್ಟು ತಮ್ಮ ಜಾಗಕ್ಕೆ ಹೋದರು.

ರೇವಣಸಿದ್ದ ಮೇಜಿನ ಬಳಿ ಬಂದ. ಅವನಿಗೆ ಸಿಟ್ಟು ಬಂದಿದ್ದರೆ ನನಗೆ ಸುಲಭವಾಗುತ್ತಿತ್ತು.

"ನಿಮ್ಮಲ್ಲಿ ಪುಟ ಮುಟ್ಟಿ ಹೇಳ್ತಾರ ಅಂತ ವಾಸು ಸಾಹೇಬ್ರು ಹೇಳ್ಯಾರ," ಎಂದ. "ನೀವು ಮುಟ್ಟಿ ಹೇಳ್ರಿ. ನಂಗೇನ ಗೊತ್ತಾಗ್ತದರಿ, ಅದು ಅಕ್ಷರನೋ ಗೀಚೋ. ನೀವು ಓದಿದವ್ರು. ಮುಟ್ಟಿ ಹೇಳಿದ್ರ ನಂಬ್ತೀನಿ."

ನಗು ನಿಂತಿತು. ಎಲ್ಲರೂ ನನ್ನ ಕೈ ನೋಡುತ್ತಿದ್ದರು. ಹತ್ತೊಂಬತ್ತನೇ ಪುಟದ ಮೇಲೆ, ದೀಪದ ಕೆಳಗೆ ಬಲಗೈ ಇಟ್ಟೆ. ಗೀರುಗಳು ಬೆರಳಿಗೆ ಸಿಕ್ಕವು. ಎಷ್ಟು ಒತ್ತಿ ಬರೆದಿದ್ದನೆಂದರೆ, 'ದೀ' ಅಕ್ಷರದ ದೀರ್ಘ ಎಲ್ಲಿ ಸುತ್ತಿ ನಿಲ್ಲುತ್ತದೆ ಎಂಬುದು ಬೆರಳಿಗೇ ತಿಳಿಯುತ್ತಿತ್ತು.

"ಇಲ್ಲಿ ಅಕ್ಷರ ಇರಲಿಲ್ಲ," ಎಂದೆ.

ರೇವಣಸಿದ್ದ ತಲೆಯಾಡಿಸಿದ. ಅವನು ನಿಜವಾಗಿಯೂ ನಂಬಿದ. ಅದನ್ನು ನಾನು ನಿರೀಕ್ಷಿಸಿರಲಿಲ್ಲ.

"ಹಂಗಾರ ನಂಗ ಬಾಯಿಲೇ ಹೇಳಿರ್ಬೇಕು ಅವ," ಎಂದ ಮೆಲ್ಲಗೆ. "ಸುಮ್ಮ ಗೀಚಿ, ಬರ್ದೀನಿ ಅಂತ ನನ್ನ ಮುಂದ ಆಟ ಹಚ್ಚಿರ್ಬೇಕು. ನಾನೇ ಹುಚ್ಚ. ಐದು ವರ್ಷ ಟ್ರಂಕಿನ್ಯಾಗ ಇಟ್ಟು ಊದಿನಕಡ್ಡಿ ಬೆಳಗ್ದೆ." ಪುಸ್ತಕವನ್ನು ಎರಡೂ ಕೈಯಲ್ಲಿ ಎತ್ತಿ ನನಗೆ ಕೊಟ್ಟ. "ನೀವೇ ಇಟ್ಕೋರಿ ಸಾಹೇಬ್ರ. ಇದ್ರಾಗ ನಮ್ಮಂದು ಏನದ?"

ಬೇಡ ಎನ್ನಲು ನನಗೆ ಎಷ್ಟೋ ಹೊತ್ತು ಸಿಕ್ಕಿತು. ನಾನು ಎನ್ನಲಿಲ್ಲ. ಅವನು ಖಾಲಿ ಟವೆಲನ್ನು ಝಾಡಿಸಿ ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದು ಹೋದ. "ಪಾಪ," ಎಂದ ವಾಸು, ಮತ್ತೆ ಬನ್ಸ್ ಹಂಚತೊಡಗಿದ.

ಈಗ ನನ್ನ ಕಪಾಟಿನಲ್ಲಿ ನಲವತ್ತೂ ಇವೆ. 'ದೀಪ ಯಾರಿಗೆ?' ಎಂಬ ನನ್ನ ಲೇಖನವನ್ನು ಬೇರೆ ಊರಿನ ಬಳಗದವರೂ ತರಿಸಿಕೊಂಡು ಓದುತ್ತಾರೆ. ಸೌಜನ್ಯ ಕೂಡ ಓದಿ, ಇಷ್ಟು ತಲೆ ಉಂಟಾ ನಿಮಗೆ ಎಂದಳು. ಯಾರಾದರೂ ಕೇಳಿದರೆ ಎಲ್ಲ ಸಂಚಿಕೆಗಳನ್ನೂ ತೆಗೆದು ತೋರಿಸುತ್ತೇನೆ. ಮೂವತ್ತೊಂದನ್ನು ಮಾತ್ರ ಕಿಟಕಿಯ ಹತ್ತಿರ ತೆರೆಯುವುದಿಲ್ಲ.