ಬಂಡೆಯೋ ಬೆಣ್ಣೆಯೋ

ಹೆಡ್‌ಫೋನಿನ ಪಟ್ಟಿ ಅಣ್ಣನ ತಲೆಯ ಮೇಲೆ ಅಡ್ಡ ಕೂತು ಇರುವ ನಾಲ್ಕು ಕೂದಲನ್ನೂ ಎರಡು ಪಕ್ಷ ಮಾಡಿದೆ, ಮುಂದೆ ಎರಡು ಹಿಂದೆ ಎರಡು, ಅವೂ ಜಗಳಕ್ಕೆ ನಿಂತ ಹಾಗೆ — ನಗಬಾರದು, ಗಾಜಿನಾಚೆ ಕೂತವನಿಗೆ ಇವಳ ಮುಖ ಕಾಣುತ್ತದೆ, ಕಿವಿ ಪರೀಕ್ಷೆ ಮಾಡುವವಳ ಮುಖ ಸುಣ್ಣ ಬಳಿದ ಗೋಡೆಯ ಹಾಗಿರಬೇಕು, ಇದೇ ಆಸ್ಪತ್ರೆಯ ಇದೇ ಕುರ್ಚಿಯಲ್ಲಿ ಹದಿನೆಂಟು ವರ್ಷದಿಂದ ಅದೇ ಮಾತು, ಸದ್ದು ಕೇಳಿದ ತಕ್ಷಣ ಬೆರಳೆತ್ತಿ, ಎಷ್ಟು ಸಣ್ಣದಾದರೂ ಎತ್ತಿ, ಅಣ್ಣನಿಗೂ ಹೇಳಿದಳು, ಯಾವ ಬೆರಳು ಅಂತ ಕೇಳಿದ, ಐವತ್ತಾರು ತುಂಬಿದರೂ ತುಂಟತನಕ್ಕೆ ನಿವೃತ್ತಿ ಇಲ್ಲ. ಕಳಿಸಿದ್ದು ಅತ್ತಿಗೆ. ಸೊಪ್ಪು ತನ್ನಿ ಅಂದ್ರೆ ಉಪ್ಪು ತರ್ತಾರೆ ಕಣೇ, ಮನೇಲಿ ಈಗ ಸಮುದ್ರಕ್ಕೆ ಆಗೋಷ್ಟು ಉಪ್ಪಿದೆ. ಉಪ್ಪು ತಿಂದೋನು ನೀರು ಕುಡೀಲೇಬೇಕಲ್ಲ, ಬಂದಿದೀನಿ, ನೋಡು ಅಂದ ಅಣ್ಣ, ತೋಳಿನ ತುಂಬ ಪ್ರೆಸ್ಸಿನ ಮಸಿ, ಇಪ್ಪತ್ತಾರು ವರ್ಷ ಆ ಛಾಪಾ ಯಂತ್ರದ ಪಕ್ಕ ನಿಂತ ಕಿವಿ, ಒಳಗೆ ಹೋಗುವ ಮುಂಚೆ ಬಾಗಿಲ ಹತ್ತಿರ ನಿಂತು ಪಂದ್ಯ ಬೇರೆ ಕಟ್ಟಿದ, ನೋಡು ಗುಬ್ಬಿ, ಎಲ್ಲಾ ಸದ್ದೂ ಕೇಳಿಸಿಬಿಟ್ರೆ ನಿಮ್ಮ ಬ್ಯಾಂಡಿನ ಹಾಡಲ್ಲಿ ನೀನು ಹೇಳೋ ಆ ಗಂಟೆ ಇಲ್ಲ ಅಂತ ಅರ್ಥ, ಬಂಡೇನೇ ದೊಡ್ಡದು ಅಂತ ಬರೆದು ರುಜು ಹಾಕ್ಕೊಡ್ಬೇಕು. ಆಮೇಲೆ ದನಿ ಇಳಿಸಿ, ಕಿವಿಗೆ ಮೆಷಿನ್ ಗಿಷಿನ್ ಹಾಕ್ಕೋ ಅಂತ ಮಾತ್ರ ಅನ್ಬೇಡ್ವೇ, ನಮ್ಮ ಬೈಂಡರ್ ಹಾಕ್ಕೊಂಡಿದಾನೆ, ಹಾಡೆಲ್ಲ ತಗಡಿನ ಡಬ್ಬಿಯೊಳಗಿಂದ ಬಂದ ಹಾಗಿರುತ್ತಂತೆ.

ಬಂಡೆ ಅವನು ಮೆಚ್ಚಿದ ಬ್ಯಾಂಡು, ಬೆಣ್ಣೆ ಇವಳು ಮೆಚ್ಚಿದ್ದು, ನಿಜವಾದ ಹೆಸರು ಕ್ಯಾಸೆಟ್ಟಿನ ಬೆನ್ನ ಮೇಲೆ ಮಾತ್ರ, ಇಬ್ಬರಿಗೂ ಬುದ್ಧಿ ಬರುವ ಹೊತ್ತಿಗೆ ಎರಡೂ ಬ್ಯಾಂಡು ಮುರಿದುಬಿದ್ದಿದ್ದವು, ಜಗಳ ಮಾತ್ರ ಮುರಿಯಲಿಲ್ಲ. ರಾಕ್ ಅಂದ್ರೆ ಬಂಡೆ ಕಣೇ, ಕೇಳಿದ್ರೆ ಬುರುಡೆ ಒಡೀಬೇಕು, ನಿಮ್ಮವರು ಬೆಣ್ಣೆ, ಬ್ರೆಡ್ಡಿಗೆ ಹಚ್ಚೋಕೆ ಲಾಯಕ್ಕು. ನಿಮ್ಮದು ಬ್ಯಾಂಡಲ್ಲ ಕಣೋ, ಭಂಡರ ಗುಂಪು. ದಿಂಬನ್ನು ಗಿಟಾರಿನ ಹಾಗೆ ಎದೆಗವಚಿ ಇವಳ ಗಾಯಕನನ್ನು ಮೂಗಿನಲ್ಲೇ ಎಳೆಯುತ್ತಿದ್ದ, ಊಊ ನಂಗೇ ನೆಗಡೀಈ — ಇವಳು ಬಕೆಟ್ಟು ಬೋರಲು ಹಾಕಿ ಅವನ ಡ್ರಮ್ಮಿನವನನ್ನು ಬಡಿದರೆ ಅಟ್ಟ ಬಿತ್ತು ಅಂತ ಅಮ್ಮ ಓಡಿ ಬಂದಿದ್ದಳು. ಇವಳ ಕ್ಯಾಸೆಟ್ಟು ಶುರುವಾದರೆ ಸಾಕು ಅವನು ಮಗ್ಗುಲಾಗಿ ಅದೇ ದಿಂಬು ಕಿವಿಯ ಮೇಲೆ, ನಾನು ಕೇಳಿಲ್ಲ, ಕೇಳಲ್ಲ, ಕೇಳಿಸ್ಕೊಂಡ್ರೂ ಕೇಳಲ್ಲ. ಅದರಲ್ಲಿನ ಆ ಹಾಡು — ಡ್ರಮ್ಮಿನ ನಾಲ್ಕು ಏಟು, ಆಮೇಲೆ ಒಂದು ಉದ್ದನೆಯ ಖಾಲಿ, ಖಾಲಿಯ ತುದಿಗೆ ಒಂದೇ ಒಂದು ಪುಟ್ಟ ಗಂಟೆ, ಟಿಣ್, ಆ ಒಂದು ಟಿಣ್ಣಿಗೆ ನಿಮ್ಮ ಬಂಡೆಯನ್ನೆಲ್ಲ ಜಲ್ಲಿ ಮಾಡಿ ರಸ್ತೆಗೆ ಹಾಕಬಹುದು ಅಂತ ಇವಳ ವಾದ. ಮೊನ್ನೆ ಅವನ ಮನೆಯಲ್ಲಿ ಹಾಕಿದಾಗ ಯಾವ ಗಂಟೆ, ಅಲ್ಲೇನೂ ಇಲ್ಲ, ಬರೀ ಖಾಲಿ ಅಂದ, ಕಿವಿಗೆ ಹೂ ಇಡಬೇಡ ಅಂತ ನಗುತ್ತ ಮತ್ತೆ ಹಾಕಿದಳು, ಮೂರನೇ ಸಲ ಅವನು ಸ್ಪೀಕರಿನ ಹತ್ತಿರಕ್ಕೆ ಬಗ್ಗಿದ, ಇವಳ ನಗು ಅಲ್ಲೇ ನಿಂತಿತು.

ಎಡಗಿವಿ ಮುಗಿಯಿತು. ದಪ್ಪ ಸದ್ದಿಗೆಲ್ಲ ಬೆರಳು ಟಕ್ಕನೆ, ಸದ್ದು ತೆಳುವಾಗಿ ಮೇಲೇರಿದ ಹಾಗೆ ತಡ, ಆಮೇಲೆ ಇಲ್ಲವೇ ಇಲ್ಲ, ಹಾಳೆಯ ಮೇಲಿನ ಗೆರೆ ಸೊಯ್ಯನೆ ಕೆಳಗೆ, ಬಂಡೆ ಬಂಡೆ ಅಂದವನ ಕಿವಿ ಜಾರುಬಂಡೆ — ಇದನ್ನು ಅವನಿಗೆ ಹೇಳಿದರೆ ಎಷ್ಟು ನಗುತ್ತಾನೆ, ಹೇಳುವುದು ಹೇಗೆ. ಈಗ ಬಲಗಿವಿ, ಸೋಲಬೇಕು, ನಾನೇ ಸೋಲಬೇಕು, ಬಂಡೆ ದೊಡ್ಡದು ಅಂತ ನೂರು ಸಲ ಬರೆದುಕೊಡುತ್ತೇನೆ, ಗುಂಡಿ ಒತ್ತಿದಳು, ಬೆರಳು ಎದ್ದಿತು. ಇನ್ನೂ ತೆಳು ಸದ್ದು, ಎದ್ದಿತು. ಇನ್ನೂ ಸಣ್ಣಗೆ ಮಾಡಿದಳು, ಎದ್ದಿತು, ಗೆರೆ ನೆಟ್ಟಗೆ ಹೋಗುತ್ತಿದೆ, ಒಂದು ಕಿವಿಯಾದರೂ ಉಳಿದಿದೆ, ಪಾಪಿ ಗೆದ್ದುಬಿಟ್ಟ, ಗೆಲ್ಲಲಿ, ಅತ್ತಿಗೆಗೆ ಫೋನ್ ಮಾಡಬೇಕು, ಸೊಪ್ಪನ್ನು ಬಲಗಿವಿಯಲ್ಲಿ ಹೇಳಿ ಅಂತ, ಅಷ್ಟರಲ್ಲಿ ಪೆನ್ನು ಉರುಳಿ ಕೆಳಗೆ ಬಿತ್ತು, ಎತ್ತಿಕೊಳ್ಳಲು ಬಗ್ಗಿದಳು, ತಲೆಯೆತ್ತಿ ಗಾಜಿನಾಚೆ ನೋಡಿದರೆ — ಬೆರಳು ಏಳುತ್ತಿದೆ. ಕೈಯಲ್ಲಿ ಪೆನ್ನು. ಗುಂಡಿಯ ಮೇಲೆ ಯಾರ ಬೆರಳೂ ಇಲ್ಲ. ತಾಳ ಹಿಡಿದು ಒತ್ತಬಾರದು, ಕಲಿಯಲು ಬಂದವರಿಗೆ ಮೊದಲನೇ ದಿನ ಇವಳೇ ಹೇಳುವ ಪಾಠ, ತಾಳ ಹಿಡಿದರೆ ಕಿವಿ ಕೇಳದಿದ್ದರೂ ಬೆರಳಿಗೆ ಗೊತ್ತಾಗುತ್ತದೆ, ಎಡಗಿವಿಗೆ ನೆಟ್ಟಗೆ ಒತ್ತಿದ ಈ ಹಾಳು ಹೆಬ್ಬೆರಳು ಬಲಗಿವಿಗೆ ಬಂದಾಗ, ಸೋಲುವ ಆಸೆಯಲ್ಲಿ, ಯಾವುದೋ ತಾಳಕ್ಕೆ ಬಿದ್ದಿದೆ, ಯಾವ ತಾಳ, ಇವಳು ಎರಡೂ ಕೈ ಮಡಿಲಲ್ಲಿಟ್ಟುಕೊಂಡಳು, ಅಲ್ಲಿ ಅಣ್ಣ ಕಣ್ಣು ಮುಚ್ಚಿದ್ದಾನೆ, ತುಟಿಯ ತುದಿಯಲ್ಲಿ ಸಣ್ಣ ನಗು, ಬೆರಳು ಎದ್ದಿತು, ಎದ್ದಿತು, ಎದ್ದಿತು, ಎದ್ದಿತು, ನಾಲ್ಕು — ಆಮೇಲೆ ನಿಂತಿತು. ಉದ್ದಕ್ಕೆ ನಿಂತಿತು. ದಿಂಬಿನ ಅಡಿಯಿಂದ ನನ್ನ ಹಾಡನ್ನು ಎಷ್ಟು ವರ್ಷ ಕೇಳಿದ್ದೆಯೋ ಕಳ್ಳಾ, ಮೊನ್ನೆ ಏನೂ ಇಲ್ಲ ಅಂದಾಗ ನಿನಗೆ ಗೊತ್ತಿತ್ತು, ಗಂಟೆ ಅಲ್ಲೇ ಇದೆ, ನಿನಗೆ ಮಾತ್ರ ಕೇಳುತ್ತಿಲ್ಲ — ಒಂದೇ ಒಂದು ಸದ್ದೂ ಇಲ್ಲದ ಆ ಗಾಜಿನ ಪೆಟ್ಟಿಗೆಯಲ್ಲಿ, ಖಾಲಿಯ ತುದಿಗೆ, ಸರಿಯಾಗಿ ಅಲ್ಲಿಗೆ, ಮೆಲ್ಲಗೆ, ಮಸಿ ಮೆತ್ತಿದ ಬೆರಳು ಎದ್ದಿತು