ಒಂದು, ಒಂದಕ್ಕೆ

ಚೀನಾದ ಒಂದು ದ್ವೀಪದಲ್ಲಿ ಇಂಗ್ಲಿಷ್ ಕಲಿಸುತ್ತ ಮೂವತ್ತೊಂದು ವರ್ಷ ಸವೆಸಿದವನು ನಾನು. ನಮ್ಮ ದ್ವೀಪದ ಮಕ್ಕಳಿಗೆ ಮೀನು ಸೀಳುವುದು ಹುಟ್ಟುತ್ತಲೇ ಬರುತ್ತದೆ, ಇಂಗ್ಲಿಷ್ ಮಾತ್ರ ಸಾಯುವವರೆಗೂ ಬರುವುದಿಲ್ಲ ಎಂದು ತರಗತಿಯಲ್ಲಿ ಅಂದು ನಗಿಸುತ್ತಿದ್ದೆ. ಈಗ ಆ ಮಾತು ನೆನಪಾದರೆ ಬಾಯಿ ಕಹಿಯಾಗುತ್ತದೆ.

‘ಇಳಿಕೆಯ ಪದಗಳು’ ಎಂಬ ಪಾಠದ ಬಗ್ಗೆ ನನಗೆ ಸ್ವಲ್ಪ ಜಂಬವೇ ಇತ್ತು. ಬೋರ್ಡಿನ ಮೇಲೆ ಉದ್ದನೆಯ ಹಾವುಮೀನು ಬರೆದು, ಬಾಲದ ಕಡೆ ಸಣ್ಣಗಾಗುತ್ತ ಹೋಗುವುದು ‘ಟೇಪರ್’ ಎನ್ನುತ್ತಿದ್ದೆ. ಬಲೆಯಲ್ಲಿ ಮೀನು ವರ್ಷ ವರ್ಷಕ್ಕೂ ಕಡಿಮೆಯಾಗುವುದು ‘ಡ್ವಿಂಡಲ್’. ಹುಣ್ಣಿಮೆ ಕಳೆದ ಚಂದ್ರ ಸವೆಯುವುದು ‘ವೇನ್’. ಇಲ್ಲಿಯವರೆಗೆ ಯಾರೂ ಎಡವುತ್ತಿರಲಿಲ್ಲ. ಎಡವುತ್ತಿದ್ದದ್ದು ಇವುಗಳ ಹಿಂದೆ ಬರುವ ‘ಬೈ’ ಮತ್ತು ‘ಟು’ ಎಂಬ ಎರಡು ಚೂರುಗಳಲ್ಲಿ. ‘ಬೈ ಒನ್’ ಎಂದರೆ ಒಂದು ಇಳಿಯಿತು, ‘ಟು ಒನ್’ ಎಂದರೆ ಒಂದಕ್ಕೆ ಇಳಿಯಿತು. ನಮ್ಮ ಚೀನೀ ಬರಹದಲ್ಲೂ ಎರಡಕ್ಕೂ ಒಂದೇ ಅಕ್ಷರದ ವ್ಯತ್ಯಾಸ. ಮಕ್ಕಳು ಅದಲುಬದಲು ಮಾಡುತ್ತಿದ್ದರು, ನಾನು ಅಡಿಕೋಲು ಎತ್ತುತ್ತಿದ್ದೆ.

ಸೈಫೆನ್ ಒಬ್ಬಳ ಮೇಲೆ ಎಂದೂ ಎತ್ತಲಿಲ್ಲ. ಅವಳ ಅಕ್ಷರ ಅಚ್ಚು ಹಾಕಿದ ಹಾಗಿತ್ತು. ಶಾಲೆ ಬಿಟ್ಟು ಮೀನಿನ ಕಾರ್ಖಾನೆಗೆ ಸೇರಿದಳು, ಹಡಗಿನ ಎಂಜಿನ್ ಕೆಲಸದ ಹೈಗೆನ್‌ನನ್ನು ಮದುವೆಯಾದಳು. ಈ ವರ್ಷ ಹೈಗೆನ್ ದೂರದ ಬಂದರೊಂದರಲ್ಲಿ ಎದೆಯ ಕಾಯಿಲೆಯಿಂದ ಮಲಗಿ, ಎರಡು ತಿಂಗಳು ಅಲ್ಲೇ ಔಷಧಿ ತಿಂದು, ಮಾತ್ರೆಯ ಡಬ್ಬಿ ಮತ್ತು ಇಂಗ್ಲಿಷಿನ ಚೀಟಿ ಹಿಡಿದು ಮನೆಗೆ ಬಂದ. ವಸಂತದ ಮಂಜು ಕವಿದು ದೋಣಿ ನಿಂತಿದ್ದ ದಿನಗಳಲ್ಲಿ ಒಮ್ಮೆಲೇ ಕುಸಿದ. ಮಂಜು ಹರಿದು ಆಸ್ಪತ್ರೆಗೆ ದೋಣಿ ಹೊರಡುವ ಹೊತ್ತಿಗೆ ಅವನ ಕೈಕಾಲು ತಣ್ಣಗಾಗಿದ್ದವು.

ಅವನು ಸತ್ತ ಐದನೆಯ ವಾರದ ಎಡೆ ಮುಗಿಸಿದ ಮರುದಿನ ಸೈಫೆನ್ ನಮ್ಮ ಮನೆಗೆ ಬಂದಳು. ಕೂದಲಲ್ಲಿ ಸೂತಕದ ಬಿಳಿ ಉಣ್ಣೆಯ ಹೂವು, ಕೈಯಲ್ಲಿ ಒಣಗಿಸಿದ ಹಾವುಮೀನು, ಹಿಂದೆ ಹದಿನೈದರ ಮಗಳು ರುಯಿ.

‘ಇದೆಲ್ಲ ಯಾಕೆ ತಂದೆಯಮ್ಮ’ ಎಂದೆ.

‘ಖಾಲಿ ಕೈಲಿ ಬಂದ್ರೆ ನೀವು ಬಾಗಿಲಲ್ಲೇ ನಿಲ್ಲಿಸ್ತಿದ್ರಲ್ಲ, ಹೋಂವರ್ಕ್ ತರದೋರನ್ನ ನಿಲ್ಲಿಸಿದ ಹಾಗೆ’ ಅಂದಳು. ನಗಲು ನೋಡಿದಳು, ಆಗಲಿಲ್ಲ. ಚೀಟಿಯನ್ನು ಮೇಜಿನ ಮೇಲಿಟ್ಟಳು.

‘ಆಸ್ಪತ್ರೆ ಡಾಕ್ಟ್ರು ಕೇಳಿದ್ರು ಮೇಷ್ಟ್ರೇ, ಈ ಮಾತ್ರೆ ಯಾಕಮ್ಮ ಒಂದೇ ಸಲ ಇಳಿಸಿದೆ, ಮೈ ತಡೆಯಲ್ವಲ್ಲ ಅಂತ. ಚೀಟೀಲಿ ಹಾಗಿತ್ತು ಅಂದೆ. ಚೀಟಿ ಮನೇಲೇ ಬಿಟ್ಟು ಹೋಗಿದ್ದೆ. ಆವತ್ತಿಂದ ನಿದ್ದೆಯಿಲ್ಲ. ಓದಿ ಹೇಳಿ. ನಾನು ಸರಿಯಾಗಿ ಕೊಟ್ನಾ, ಇಲ್ವಾ?’

ಕೋಳಿ ಕೆದರಿದ ಹಾಗಿದ್ದ ಕೈಬರಹ. ಕನ್ನಡಕ ಒರೆಸಿಕೊಂಡು ಓದಿದೆ. ದಿನಕ್ಕೆ ಎಂಟು ಮಾತ್ರೆ. ಊರಿಗೆ ಮರಳಿದ ಮೇಲೆ ‘ಟೇಪರ್ ಬೈ ಒನ್’, ಪ್ರತಿ ವಾರ.

‘ನೀನೆಷ್ಟು ಕೊಟ್ಟೆ?’

‘ಒಂದು. ಎಂಟರಿಂದ ಒಂದಕ್ಕೆ ಇಳಿಸಿದೆ. ಹನ್ನೆರಡನೇ ದಿನ ಹೋಗ್ಬಿಟ್ರು.’

ಅವಳ ಮುಖ ನೋಡಿದೆ. ಐದು ವಾರದಲ್ಲಿ ಹತ್ತು ವರ್ಷ ಹೆಚ್ಚಾಗಿತ್ತು. ಸತ್ತವನು ಎದ್ದು ಬರುವುದಿಲ್ಲ, ಇರುವವಳನ್ನು ಯಾಕೆ ಕೊಲ್ಲಲಿ ಅನ್ನಿಸಿತು.

‘ಸರಿಯಾಗೇ ಕೊಟ್ಟಿದ್ದೀಯ. ಅವನ ಕಾಯಿಲೆಯೇ ದೊಡ್ಡದಿತ್ತು’ ಎಂದೆ.

ಅವಳು ಮುಖ ಮುಚ್ಚಿಕೊಂಡು ಅತ್ತಳು. ಹಗುರಾದ ಅಳು ಅದು. ನಾನು ಚಹಾಕ್ಕೆ ನೀರಿಡುವ ನೆಪದಲ್ಲಿ ಎದ್ದೆ.

‘ನಂಗೊತ್ತಿತ್ತು’ ಅಂದಳು ಕಣ್ಣೊರೆಸುತ್ತ. ‘ಫೋನಲ್ಲಿ ಹುಡುಕಿದ್ರೆ ಟೇಪರ್ ಅಂದ್ರೆ ಸಣ್ಣ ಮೇಣದಬತ್ತಿ ಅಂತ ಬಂತು. ಹಾಳಾಗ್ಲಿ ಅಂತ ನಿಮ್ಮ ಕ್ಲಾಸಿನ ನೋಟ್‌ಬುಕ್ಕೇ ತೆಗೆದೆ. ಅದನ್ನ ನಾನು ಎಸೆದಿಲ್ಲ. ಈಗ ರುಯಿ ಅದನ್ನೇ ಓದ್ತಾಳೆ. ಜೂನಲ್ಲಿ ಪರೀಕ್ಷೆ. ತೋರಿಸೇ ಮೇಷ್ಟ್ರಿಗೆ.’

ಹುಡುಗಿ ಹಳದಿಗಟ್ಟಿದ ನೋಟ್‌ಬುಕ್ಕನ್ನು ಬಿಚ್ಚಿ ನನ್ನ ಮುಂದಿಟ್ಟಳು. ಮೇಲೆ ಹಾವುಮೀನಿನ ಚಿತ್ರ. ಕೆಳಗೆ ಅಚ್ಚಿನಂಥ ಅಕ್ಷರದಲ್ಲಿ ಎರಡು ಸಾಲು: ‘ಬೈ’ ಎಂದರೆ ಅಷ್ಟಕ್ಕೆ ಇಳಿಯಿತು, ‘ಟು’ ಎಂದರೆ ಅಷ್ಟು ಇಳಿಯಿತು. ತಿರುವುಮುರುವು. ಪಕ್ಕದಲ್ಲಿ ನನ್ನ ಕೆಂಪು ಶಾಯಿಯ ಸರಿ ಗುರುತು, ಅದರ ಕೆಳಗೆ ‘ಬಹಳ ಚೆನ್ನಾಗಿದೆ’ ಎಂದು ನನ್ನದೇ ಕೈಬರಹ.

ಐವತ್ತೆರಡು ನೋಟ್‌ಬುಕ್ ತಿದ್ದಬೇಕಿತ್ತು. ಸೈಫೆನ್‌ಳದು ಹೇಗೂ ಸರಿ ಇರುತ್ತದೆ ಎಂದು ಅಕ್ಷರದ ಅಂದ ನೋಡಿ ಗುರುತು ಹಾಕಿದ್ದೆ. ಇಷ್ಟೇ ನಡೆದದ್ದು. ಹಡಗಿನವರ ಹೆಂಡತಿಯರಿಗೆ ನಾಳೆ ಇದೇ ಇಂಗ್ಲಿಷ್ ಬೇಕಾದೀತು ಎಂದು ನಾನು ಆಗ ಕನಸಿನಲ್ಲೂ ಎಣಿಸಿರಲಿಲ್ಲ.

ನನ್ನ ಸುಳ್ಳು ಈಗ ಅವಳಿಗಿಂತ ಹೆಚ್ಚಾಗಿ ನನ್ನನ್ನೇ ಕಾಯುತ್ತಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ನಿಜ ಹೇಳುತ್ತೇನೆ, ಮುಚ್ಚಿಕೊಳ್ಳುವ ಮನಸ್ಸೂ ಆಯಿತು. ಅಷ್ಟರಲ್ಲಿ ರುಯಿ ಬೆರಳಿಟ್ಟು ಗಟ್ಟಿಯಾಗಿ ಓದತೊಡಗಿದಳು, ಅಮ್ಮನ ಹಾಗೆಯೇ, ಒಂದಕ್ಷರ ಬಿಡದೆ. ‘ಇದು ಬಾಯಿಪಾಠ ಆಗಿದೆ ತಾತ.’

ಕೆಂಪು ಪೆನ್ನು ತೆಗೆದೆ. ಎರಡೂ ಸಾಲು ಹೊಡೆದು ಹಾಕಿ, ಅದಲುಬದಲು ಮಾಡಿ ಬರೆದೆ. ಹಳೆಯ ಸರಿ ಗುರುತಿನ ಮೇಲೂ ಗೀಟು ಎಳೆದೆ.

‘ಸೈಫೆನ್, ಆಗ ಸುಳ್ಳು ಹೇಳಿದೆ. ಚೀಟೀಲಿ ಒಂದಕ್ಕೆ ಇಳಿಸು ಅಂತ ಇಲ್ಲ, ಒಂದು ಇಳಿಸು ಅಂತ ಇದೆ. ಈ ತಪ್ಪಿಗೆ ಸರಿ ಹಾಕಿದ ಕೈ ಇದೇ. ನಿನ್ನದೇನೂ ಇಲ್ಲ.’

ಅವಳು ನೋಟ್‌ಬುಕ್ಕನ್ನು ಹತ್ತಿರ ಎಳೆದುಕೊಂಡು ಹಸಿ ಶಾಯಿಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. ನೀರು ಕುದಿದು ಉಕ್ಕುತ್ತಿತ್ತು, ನಾನು ಏಳಲಿಲ್ಲ.

‘ಹಾಗಾದ್ರೆ ಮೊದಲ ವಾರ ಏಳು ಕೊಡ್ಬೇಕಿತ್ತು’ ಅಂದಳು.

‘ಹೌದು.’

‘ಆಮೇಲೆ ಆರು.’

‘ಹೌದಮ್ಮ.’

‘ಒಂದೇ ಒಂದು ಸಾಕಲ್ಲ, ಇನ್ನು ಡಬ್ಬಿ ತಿಂಗಳುಗಟ್ಟಲೆ ಬರುತ್ತೆ ಅಂತ ಅವರು ಖುಷಿಪಟ್ಟಿದ್ರು ಮೇಷ್ಟ್ರೇ.’

ರುಯಿ ಅಷ್ಟು ಹೊತ್ತೂ ಬೆರಳು ಮಡಚಿ ಎಣಿಸುತ್ತಿದ್ದಳು. ಐದು, ನಾಲ್ಕು, ಮೂರು, ಎರಡು. ಕೊನೆಯ ಬೆರಳಿನಲ್ಲಿ ನಿಂತು ಅಮ್ಮನ ಕಡೆ ತಿರುಗಿದಳು.

‘ಅಮ್ಮ, ಅಪ್ಪ ಊರಿಗೆ ಬಂದು ಇದು ಏಳನೇ ವಾರ’ ಅಂದಳು. ‘ಅಪ್ಪಂಗೆ ಒಂದು ಮಾತ್ರೆ ಕೊಡೋದು ಈ ವಾರ.’